ಒರೆಸಿಹಾಕಿದ ರಂಗೋಲಿ

ತುಮಕೂರಿನ ಕಲಾ ಮ್ಯೂಸಿಯಂನಲ್ಲಿ ನನಗೆ ಕೆಲಸ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಬೆಳಗ್ಗೆ ಕಸ ಗುಡಿಸಿ ನೆಲ ಒರೆಸುವುದು, ಆಮೇಲೆ ಚಿತ್ರಗಳ ಪಕ್ಕ ನಿಂತು ‘ಮುಟ್ಟಬೇಡಿ’ ಎನ್ನುವುದು. ಎರಡೂ ನನಗೆ ಹೇಳಿ ಮಾಡಿಸಿದ ಕೆಲಸಗಳೇ. ಕೊಳೆ ಕಂಡರೂ ನನಗೆ ಆಗದು, ಹೇಳಿದ ಮಾತು ಕೇಳದವರನ್ನು ಕಂಡರೂ ಆಗದು. ಅಂತರಸನಹಳ್ಳಿಯಲ್ಲಿ ಗಂಡ ದುಡಿಯುತ್ತಿದ್ದ ಫ್ಯಾಕ್ಟರಿ ಆ ವರ್ಷವೇ ಬಾಗಿಲು ಹಾಕಿತ್ತು. “ಮೂರು ತಿಂಗಳು ನೋಡ್ತೀವಿ, ಸರಿಹೋದ್ರೆ ಖಾಯಂ” ಎಂದಿದ್ದರು ಮ್ಯೂಸಿಯಂ ಸಾಹೇಬರು. ಮನೆಯಲ್ಲಿ ಒಲೆ ಉರಿಯಬೇಕಾದರೆ ಆ ಕೆಲಸ ಉಳಿಯಲೇಬೇಕಿತ್ತು.

ಎರಡನೇ ತಿಂಗಳಲ್ಲಿ ರಂಗೋಲಿ ಪ್ರದರ್ಶನ ಬಂತು. ಗುಬ್ಬಿಯಿಂದ ಐದು ಜನ ಹೆಂಗಸರು ಹಿಂದಿನ ದಿನವೇ ಬಂದು, ದೊಡ್ಡ ಹಾಲ್‌ನ ಕೆಂಪು ನೆಲದ ತುಂಬ ಚುಕ್ಕಿ ಇಟ್ಟು, ಎಳೆ ಎಳೆದು, ಸಂಜೆಯವರೆಗೂ ಬಿಡಿಸಿದರು. ಅವರಲ್ಲಿ ಹಿರಿಯರನ್ನು ಉಳಿದವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು.

ಮಾರನೇ ದಿನ ಹನ್ನೊಂದಕ್ಕೆ ಉದ್ಘಾಟನೆ. ಎಂಟಕ್ಕೇ ಬಂದವಳು ಎಂದಿನಂತೆ ಗುಡಿಸಿ, ಬಟ್ಟೆ ಒದ್ದೆ ಮಾಡಿ, ಒಂದು ಮೂಲೆಯೂ ಬಿಡದೆ ಒರೆಸಿದೆ. ರಂಗೋಲಿ ಕಾಣಲಿಲ್ಲ ಎಂದೇನಲ್ಲ, ಕಂಡೇ ಒರೆಸಿದೆ. ನಿನ್ನೆಯದು ಕೈ ಪಳಗಲಿ ಅಂತ ಹಾಕಿದ್ದು, ಜನ ಬರುವ ಹೊತ್ತಿಗೆ ಹೊಸದು ಹಾಕುತ್ತಾರೆ ಎಂದೇ ತಿಳಿದಿದ್ದೆ. ಹಳೇ ರಂಗೋಲಿ ಇಟ್ಟುಕೊಂಡು ನೆಂಟರನ್ನು ಕರೆಯುವ ಮನೆಯನ್ನು ನಾನು ನಮ್ಮ ಗೂಳೂರಿನಲ್ಲಿ ಒಂದೂ ನೋಡಿರಲಿಲ್ಲ. ಫಳಫಳ ಹೊಳೆಯುವ ನೆಲದ ಮುಂದೆ ಶಹಬ್ಬಾಸ್ ಅನ್ನಿಸಿಕೊಳ್ಳಲು ಕಾಯುತ್ತಾ ನಿಂತೆ.

ಸಾಹೇಬರು ಬಂದವರು ಬಾಗಿಲಲ್ಲೇ ನಿಂತರು.

“ರಂಗೋಲಿ ಎಲ್ಲಮ್ಮ?”

“ಒರುಸ್ದೆ ಸಾರ್.”

ಮೂರು ದಿನ ಇರಬೇಕಾದದ್ದು, ಫೋಟೋದವರು ಬೆಂಗಳೂರಿನಿಂದ ಹೊರಟಾಗಿದೆ ಎಂದು ಕೂಗಾಡಿದರು. “ನಾಳೆಯಿಂದ ಬರ್ಬೇಡ” ಎಂದೂ ಅಂದುಬಿಟ್ಟರು. ನನಗೂ ರೇಗಿತು, ಒರೆಸಬೇಡ ಎಂದು ನನಗೆ ಯಾರು ಹೇಳಿದ್ದರು? ಆದರೆ ಬಾಯಿ ತೆರೆಯುವ ಮೊದಲೇ ಅಳು ಬಂತು.

ಅಷ್ಟರಲ್ಲಿ ಗುಬ್ಬಿಯವರು ಬಂದರು. ದೊಡ್ಡಮ್ಮ ಬರೀ ನೆಲವನ್ನು ಸ್ವಲ್ಪ ಹೊತ್ತು ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಸಾಹೇಬರ ಕಡೆ ತಿರುಗಿದರು.

“ಯಾಕ್ ಸ್ವಾಮಿ ಆ ಹುಡ್ಗಿನ ಬೈತೀರ? ನಿನ್ನೆ ರಂಗೋಲಿ ಇಟ್ಕಂಡು ಇವತ್ ನೆಂಟ್ರನ್ನ ಕರೀತಾರಾ? ನಾವೂ ಬಸ್ಸಲ್ಲಿ ಅದನ್ನೇ ಮಾತಾಡ್ಕಂಡ್ ಬಂದೋ, ಹೋಗಿದ್ ತಕ್ಷಣ ಒರುಸ್ಬೇಕು ಅಂತ. ನಮ್ ಕೆಲ್ಸ ಇವ್ಳೇ ಮಾಡವ್ಳೆ ಬುಡಿ.”

ಹೇಳಿದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತುಬಿಟ್ಟರು. ಹನ್ನೊಂದಕ್ಕೆ ಜನ ಬಂದಾಗ ಐವರೂ ಇನ್ನೂ ಬಿಡಿಸುತ್ತಲೇ ಇದ್ದರು. ಫೋಟೋದವರು ನೆಲದ ಮೇಲೆ ಮಲಗಿ ಅವರ ಬೆರಳುಗಳ ಫೋಟೋ ತೆಗೆದರು. ಬುರ್ಖಾ ಹಾಕಿದ್ದ ಇಬ್ಬರು ಅಕ್ಕತಂಗಿಯರು ನಿಂತು ನೋಡುತ್ತಿದ್ದವರು ತಾವೂ ಕೂತು ಬಣ್ಣ ತುಂಬಿದರು. ಮೂರೂ ದಿನ ಬೆಳಗ್ಗೆ ಒರೆಸಿ ಹೊಸದು ಹಾಕಿಸಿದರು ಸಾಹೇಬರು, ತಮ್ಮದೇ ಐಡಿಯಾ ಎಂಬಂತೆ. ನನ್ನ ಕೆಲಸ ಉಳಿಯಿತು, ಖಾಯಂ ಕೂಡ ಆಯಿತು.

ದೊಡ್ಡಮ್ಮನಿಗೆ ನಾನು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅದರಲ್ಲಿ ಉಪಕಾರವೇನು ಬಂತು ಎಂಬ ಕೊಬ್ಬು ನನಗೆ. ವರ್ಷಗಟ್ಟಲೆ ಬೀಗಿಕೊಂಡೇ ಓಡಾಡಿದೆ.

ಏಳೆಂಟು ವರ್ಷಗಳ ಮೇಲೆ ಇನ್ನೊಂದು ಪ್ರದರ್ಶನಕ್ಕೆ ಆ ಐವರಲ್ಲಿ ಕಿರಿಯಳು ಬಂದಿದ್ದಳು. ಕಾಫಿ ಕುಡಿಯುತ್ತಾ ನಾನೇ ಬಸ್ಸಿನ ಮಾತು ತೆಗೆದೆ. ಅವಳು ನಕ್ಕಳು.

“ಒರುಸ್ಬೇಕು ಅಂತ ಯಾರ್ ಮಾತಾಡಿದ್ರಕ್ಕ? ಕುಣಿಗಲ್‌ಗೆ ಕೊಟ್ಟಿರೋ ಮಗಳನ್ನ ದೊಡ್ಡಮ್ಮ ಅದಕ್ಕೇ ಅಂತ ಕರೆಸ್ಕಂಡು, ಅವತ್ತು ಜೊತೇಲೇ ಕರ್ಕಂಡ್ ಬಂದಿದ್ರು. ‘ನಾನ್ ಹಾಕಿರೋ ರಂಗೋಲಿ ಮ್ಯೂಸಿಯಂನಲ್ಲೈತೆ, ನೋಡ್ವಂತೆ ಬಾ’ ಅಂತ ದಾರಿಯುದ್ದಕ್ಕೂ ಅದೇ ಮಾತು.”

ಕಾಫಿ ಲೋಟ ಕೆಳಗಿಟ್ಟು ದೊಡ್ಡಮ್ಮನ ವಿಳಾಸ ಕೇಳಿದೆ.

ಆ ಭಾನುವಾರವೇ ಗುಬ್ಬಿಗೆ ಹೋದೆ. ದೊಡ್ಡಮ್ಮ ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಕಾಲಿಗೆ ಬಿದ್ದು, ನಾನು ಯಾರು, ಯಾಕೆ ಬಂದೆ ಎಂದು ಅಳುತ್ತಲೇ ಹೇಳಿದೆ.

“ಕೆಲ್ಸ ಐತೇನೇ ಇನ್ನೂ?”

“ಐತೆ ದೊಡ್ಡಮ್ಮ.”

“ಮತ್ಯಾಕ್ ಅಳ್ತೀಯ? ಕೂತ್ಕೋ” ಎಂದು ಮೊರದಲ್ಲಿದ್ದ ಅರ್ಧ ಅವರೆಕಾಯಿಯನ್ನು ನನ್ನ ಮುಂದೆ ಸುರಿದರು.