ತವರಿಲ್ಲದವರಿಗೆ ಕಲ್ಲಮ್ಮನ ಅಂಟಿನುಂಡೆ

ಭದ್ರಾವತಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಸೈರನ್ ಕೂಗುವ ಹೊತ್ತಿಗೆ ಜನ್ನಾಪುರದ ಕಲ್ಲಮ್ಮನವರ ಒಲೆ ಹೊತ್ತಿ ಗಂಟೆಯಾಗಿರುತ್ತದೆ. ಬಾಣಲೆಯ ತುಪ್ಪಕ್ಕೆ ನಾಲ್ಕು ಹರಳು ಅಂಟು ಹಾಕುತ್ತಾರೆ. ಅದು ಅರಳಿನಂತೆ ಉಬ್ಬಿದ ಮೇಲೆ ತೆಗೆದು ಬಟ್ಟಲಿನ ತಳದಿಂದ ಒತ್ತುತ್ತಾರೆ. ಪುಡಿಪುಡಿ!

"ಒಳಗೆ ಚೂರು ಗಟ್ಟಿ ಉಳೀತೋ, ಕೆಟ್ಟಿತು. ಬಾಣಂತಿ ಹಲ್ಲು ಮೊದ್ಲೇ ಸಡಿಲ. ಉರಿ ಜೋರು ಮಾಡಿ ಬೇಗ ಮುಗಿಸ್ತೀನಿ ಅನ್ನೋರು ಈ ಕೆಲ್ಸಕ್ಕೆ ಬರಬಾರ್ದು" ಎನ್ನುತ್ತಾರೆ.

ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ದ್ರಾಕ್ಷಿ, ಗಸಗಸೆ ಎಲ್ಲ ಮೊರದಲ್ಲಿ ಕಾಯುತ್ತಿವೆ. ಸೇರು ಹೋಗಿ ಕಿಲೋ ಬಂದರೂ ಇವರ ಅಳತೆ ಹಿಡಿ ಮಾತ್ರ. ದಿನಕ್ಕೆ ನೂರಿಪ್ಪತ್ತು ಉಂಡೆ. ರಾತ್ರಿ ಪಾಳಿ ಮುಗಿಸಿದ ಗಂಡಂದಿರು ಟಿಫನ್ ಡಬ್ಬಿ ಹಿಡಿದು ಜಗಲಿಯಲ್ಲಿ ಸಾಲಾಗಿ ಕೂತಿದ್ದಾರೆ. "ಅಕ್ಕ, ಮೊನ್ನೇದು ಆಯ್ತು. ಇನ್ನೂ ಹತ್ತು ಕೊಡು" ಎನ್ನುತ್ತಾನೆ ಸೇಲಂ ಕಡೆಯ ಫಿಟ್ಟರೊಬ್ಬ. ಅವನ ಹೆಂಡತಿ ಹೆತ್ತು ಹನ್ನೆರಡು ದಿನ. ಅವಳ ತವರಿಗೆ ಇಡೀ ಒಂದು ದಿನದ ದಾರಿ.

ಇದೆಲ್ಲ ಶುರುವಾದದ್ದು ಕಲ್ಲಮ್ಮನವರ ಹೊಟ್ಟೆಯ ಸಂಕಟದಿಂದಲೇ. ತಾಯಿಯಿಲ್ಲದ ಹುಡುಗಿ, ಚೊಚ್ಚಲ ಬಾಣಂತನದಲ್ಲಿ ಉಂಡದ್ದು ಬರೀ ಅನ್ನ, ಮೆಣಸಿನ ಸಾರು. ಆಮೇಲೆ ಪಕ್ಕದ ಮನೆಯ ಅಜ್ಜಿಯ ಹಿಂದೆ ಬಿದ್ದು ಅಂಟು ಹುರಿಯುವುದನ್ನು ಕಲಿತರು. ಮಕ್ಕಳು ದೊಡ್ಡವರಾದ ಮೇಲೆ ಕಾರ್ಖಾನೆಯವರ ಹೆಂಡಂದಿರಿಗೆ ದುಡ್ಡಿಗೆ ಮಾಡಿಕೊಡತೊಡಗಿದರು.

ಆಗಲೇ ಭಾವ ಓಂಕಾರಪ್ಪನವರು ಕೆಂಡವಾದದ್ದು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅವರದು ದ್ರಾಕ್ಷಿ-ಗೋಡಂಬಿಯ ದೊಡ್ಡ ಅಂಗಡಿ. "ತವರಿನ ಉಂಡೆ ಯಾರಾದ್ರೂ ಮಾರ್ತಾರಾ? ಮನೆತನದ ಮರ್ಯಾದೆ ಏನಾಗ್ಬೇಕು?" ಎಂದು ತಮ್ಮನ ಹೆಂಡತಿಗೆ ಸಾಮಾನು ಕೊಡುವುದನ್ನು ನಿಲ್ಲಿಸಿದರು. ಪಕ್ಕದ ಅಂಗಡಿಯವರಿಗೂ ಕೊಡಬೇಡಿ ಎಂದರು. ಅಂಟಿಲ್ಲದೆ ಅಂಟಿನುಂಡೆ ಎಲ್ಲಿಂದ ಬರಬೇಕು? ಕಲ್ಲಮ್ಮ ಜಗ್ಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ, ಚೀಲ ಸೊಂಟಕ್ಕೇರಿಸಿಕೊಂಡು ಬಂದರು. ಹೀಗೆ ನಾಲ್ಕು ವರ್ಷ.

ಕಳೆದ ಶ್ರಾವಣದಲ್ಲಿ ಓಂಕಾರಪ್ಪನವರ ಮಗಳು ವಿಮಲಾ ತವರಿಗೆ ಬಂದು ಹೆತ್ತಳು. ತಾಯಿ ತೀರಿಕೊಂಡು ವರ್ಷವಾಗಿತ್ತು. ಅಜ್ಜಿಯಿಲ್ಲದ ಮನೆ, ಮಜ್ಜಿಗೆಯಿಲ್ಲದ ಊಟ ಅನ್ನುತ್ತಾರಲ್ಲ, ಆ ಮನೆಯಲ್ಲಿ ಅವ್ವನೂ ಇಲ್ಲ. ಅಪ್ಪ ಮದುವೆ ಅಡುಗೆಯವನೊಬ್ಬನನ್ನು ಕರೆಸಿದರು. ಆ ಪುಣ್ಯಾತ್ಮ ಹೊಗೆಯಾಡುವ ತುಪ್ಪಕ್ಕೆ ಅಂಟು ಸುರಿದ. ಮೇಲೆ ಹೂವು, ಒಳಗೆ ಕಲ್ಲು. ವಿಮಲಾ ಕಚ್ಚಿದಳು. ಹಲ್ಲು ಅಲ್ಲಾಡಿ ಬಾಯೆಲ್ಲ ರಕ್ತ.

ಮಾರನೆಯ ದಿನ ನಸುಕಿನಲ್ಲಿ, ಜನ್ನಾಪುರದ ಈ ಜಗಲಿಯಲ್ಲಿ, ಫಿಟ್ಟರುಗಳ ಸಾಲಿನ ಕೊನೆಗೆ ಜರಿ ರುಮಾಲೊಂದು ಬಂದು ನಿಂತಿತು. ಬಗಲಲ್ಲಿ ಉತ್ತತ್ತಿಯ ಚೀಲ.

ಮದುವೆಯಾದ ಇಪ್ಪತ್ತು ವರ್ಷದಲ್ಲಿ ಕಲ್ಲಮ್ಮ ಭಾವನ ಮುಖ ನೋಡಿ ಮಾತಾಡಿದವರಲ್ಲ, ಸೆರಗಿನ ಮರೆಯಲ್ಲೇ ಎಲ್ಲ. ಅವತ್ತು ನೆಟ್ಟಗೆ ನೋಡಿದರು.

"ವಿಮಲಾ ನಂಗೂ ಮಗಳೇ, ಮಾಡಿಕೊಡ್ತೀನಿ. ಆದ್ರೆ ಊರೋರು ಎಲ್ಲಿಂದ ತಂದ್ರಿ ಅಂದ್ರೆ ಏನಂತೀರಿ, ಭಾವ?"

ಓಂಕಾರಪ್ಪನವರು ರುಮಾಲು ತೆಗೆದು ಮುಖ ಒರೆಸಿಕೊಂಡರು.

"ಕೊಂಡೆ ಅಂತೀನಮ್ಮ. ಕಲ್ಲಮ್ಮನ ಮನೇಲಿ, ಎಲ್ಲರ ಹಂಗೆ ಸಾಲಲ್ಲಿ ನಿಂತು ಕೊಂಡೆ ಅಂತೀನಿ."

"ಹಂಗಾದ್ರೆ ಕೂತ್ಕೊಳ್ಳಿ. ಉತ್ತತ್ತಿ ಬೀಜ ತೆಗೀರಿ."

ಜನ್ಮವಿಡೀ ಉತ್ತತ್ತಿ ಮಾರಿದ ಮನುಷ್ಯ ಒಂದು ಬೀಜ ತೆಗೆದವರಲ್ಲ! ಸಾಲಿನಲ್ಲಿದ್ದ ಫಿಟ್ಟರೊಬ್ಬನೇ ಹೇಳಿಕೊಟ್ಟನಂತೆ. ಅದನ್ನು ನೆನೆದು ಕಲ್ಲಮ್ಮ ಇವತ್ತಿಗೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಈಗ ಗಾಂಧಿ ಬಜಾರಿನಿಂದ ವಾರಕ್ಕೊಂದು ಮೂಟೆ ತಾನಾಗಿ ಬರುತ್ತದೆ. ಅಂಗಡಿಯ ಮುಂದೆ "ಕಲ್ಲಮ್ಮನ ಅಂಟಿನುಂಡೆ ಇಲ್ಲಿ ಸಿಗುತ್ತದೆ" ಎಂಬ ಹಲಗೆ ತೂಗುತ್ತಿದೆ. ಬರೆಸಿದವರು ಸಾಕ್ಷಾತ್ ಭಾವನವರೇ.

ಇನ್ನೇನು ಆಸೆ ಎಂದು ಕೇಳಿದರೂ ಕಲ್ಲಮ್ಮನವರ ಕೈ ಉಂಡೆ ಕಟ್ಟುತ್ತಲೇ ಇರುತ್ತದೆ.

"ನನ್ನ ಬಾಣಂತನದಲ್ಲಿ ನಂಗೊಂದು ಉಂಡೆ ಸಿಗ್ಲಿಲ್ಲ. ಈ ಊರಲ್ಲಿ ಹೆತ್ತ ಇನ್ಯಾವ ಹುಡುಗೀನೂ ಆ ಮಾತು ಹೇಳಬಾರ್ದು, ಅಷ್ಟೇ ಕಣಪ್ಪ. ಸ್ವಲ್ಪ ಸರಿ, ಒಲೆ ಮೇಲೆ ಬೆಲ್ಲದ ಪಾಕ ಎಳೆ ಬಂತು."