ತಟ್ಟೆಯಲ್ಲಿ ಸಿಕ್ಕ ರಸ್ತೆ

ಇವತ್ತು ಬೆಳಿಗ್ಗೆ ಹೋದ ವರ್ಷದ ಹುರುಳಿ ಚೀಲದ ತಳ ಜಾಡಿಸಿ, ಹಸುವಿಗೆ ಬೇಯಿಸಿ ಹಾಕೋಣವೆಂದು ಮೊರಕ್ಕೆ ಸುರಿದುಕೊಂಡು ಕೇರುತ್ತಿದ್ದೆ. ಹೊಟ್ಟು ಹಾರಿತು, ಕಡ್ಡಿ ಮುಂದಕ್ಕೆ ಬಂತು, ಮೊರದ ಮೂಲೆಯಲ್ಲಿ ಹುರುಳಿಗಿಂತ ಸ್ವಲ್ಪ ದಪ್ಪನೆಯ ಕಪ್ಪು ಚೂರೊಂದು ಉಳಿಯಿತು. ಎತ್ತಿ ಮೂಸಿದೆ. ಟಾರು. ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾದ ರಸ್ತೆಯ ವಾಸನೆ ಅದರಲ್ಲಿ ಇನ್ನೂ ಇತ್ತು. ಬೇರೆಯವರಾದರೆ ಅಂಗಳಕ್ಕೆ ಎಸೆಯುತ್ತಿದ್ದರು. ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಯಾಕೆಂದು ಹೇಳುತ್ತೇನೆ, ಒಂದು ಗಳಿಗೆ ಕೂತುಕೊಳ್ಳಿ. ಒಲೆಯ ಮೇಲೆ ಈ ವರ್ಷದ ಹೊಸ ಹುರುಳಿ ಬೇಯುತ್ತಿದೆ, ಕಟ್ಟಿನ ಸಾರಿಗೆ. ಹುರುಳಿ ಬೇಯುವುದು ನಿಧಾನ. ನನ್ನ ಮಾತೂ ಹಾಗೇ.

ಮಧ್ಯಾಹ್ನ ಊಟಕ್ಕೆ ನನ್ನ ಮೊಮ್ಮಗಳು ಪವಿತ್ರ ಬರುತ್ತಾಳೆ. ಮಗಳ ಮಗಳು, ಪೊಲೀಸಿನಲ್ಲಿದ್ದಾಳೆ. ಅವಳ ವಿಷಯ ಹೇಳದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನಮ್ಮೂರಿನವರು ಕೇಳಿ ಕೇಳಿ ಸಾಕಾಗಿ ಈಗ ನನ್ನನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಾರೆ. ಹಾಗಾಗಿ ನೀವು ಸಿಕ್ಕಿದ್ದೀರಿ.

ನಮ್ಮೂರು ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ಹಾದಿಯ ಮೇಲಿದೆ. ಮನೆ ರಸ್ತೆಗೇ ಅಂಟಿಕೊಂಡಿದೆ. ಮುಂದೆ ಒಂದು ತಿರುವು. ಈ ತಿರುವಿನ ಆಚೀಚೆ ಸುಮಾರು ವರ್ಷ ನಮ್ಮ ಹುರುಳಿ, ರಾಗಿ ಎಲ್ಲ ಒಕ್ಕಣೆಯಾಗಿದ್ದು ರಸ್ತೆಯ ಮೇಲೇ. ಗಿಡ ಕಿತ್ತು ತಂದು ಟಾರಿನ ಮೇಲೆ ಹರಡಿದರೆ ಆಯಿತು, ಬಸ್ಸು ಲಾರಿ ಕಾರು ತುಳಿದುಕೊಂಡು ಹೋಗುತ್ತಿದ್ದವು. ಸಂಜೆಗೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಪವಿತ್ರ ಚಿಕ್ಕವಳಿದ್ದಾಗ ರಜಕ್ಕೆ ಬಂದರೆ ಸಾರಿನಲ್ಲಿ ಕಟಕ್ಕೆಂದು ಏನೋ ಕಚ್ಚಿಕೊಂಡು, ನಾಲಿಗೆಯ ತುದಿಯಲ್ಲಿ ಹೊರಗೆ ತೆಗೆದು ತೋರಿಸುತ್ತಿದ್ದಳು.

"ಅಜ್ಜಿ, ನನ್ನ ತಟ್ಟೇಲಿ ರಸ್ತೆ ಐತೆ."

"ಪಕ್ಕಕ್ಕಿಟ್ಟು ಉಣ್ಣೇ. ಬಸ್ ಬಂದಾವು."

ಅದಕ್ಕೂ ಹಿಂದೆ ಕಣ ಇತ್ತು. ಕಣವೆಂದರೆ ಈಗಿನ ಮಕ್ಕಳು ಕಣ್ಣು ಕಣ್ಣು ಬಿಡುತ್ತವೆ. ಹೊಲದ ಒಂದು ಮೂಲೆಯನ್ನು ಕೆತ್ತಿ, ನೀರು ಚೆಲ್ಲಿ, ತುಳಿದು ಗಟ್ಟಿ ಮಾಡಿ, ಸಗಣಿ ಬಳಿದು ಹಾಸಿಗೆಯ ಹಾಗೆ ನುಣ್ಣಗೆ ಮಾಡುತ್ತಿದ್ದೆವು. ಬಳಿಯುವ ದಿನ ಹೆಂಗಸರೆಲ್ಲ ಸಾಲಾಗಿ ಕೂತು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಊರಿನವರ ಮೇಲೆಲ್ಲ ಚಾಡಿ ಹೇಳಿ ಮುಗಿಸುತ್ತಿದ್ದೆವು. ಕಣ ಚೊಕ್ಕವಾಗುತ್ತಿತ್ತು, ಬಾಯಿ ಮಾತ್ರ ಇಲ್ಲ. ಮಧ್ಯೆ ಒಂದು ಕಂಬ, ಸುತ್ತ ಎತ್ತುಗಳು, ಹಿಂದೆ ಉರುಳುವ ಗುಂಡುಕಲ್ಲು. ನಮ್ಮ ಯಜಮಾನರಿಗೆ ಆ ಕಣದಲ್ಲಿ ಕೈಯಲ್ಲಿ ಬಾರುಕೋಲು ಹಿಡಿದು ನಿಂತರೆ ಸಿಂಹಾಸನದ ಮೇಲೆ ಕೂತ ಗತ್ತು. ಆದರೆ ಆ ಕೋಲಿನಿಂದ ಎತ್ತಿಗೆ ಒಂದೇಟು ಹೊಡೆದದ್ದನ್ನು ನಾನು ಕಂಡಿಲ್ಲ. ಯಾರಾದರೂ ಬೇಗ ಬೇಗ ಹೊಡಿ ಎಂದರೆ, "ಎತ್ತು ಓಡಿದ್ರೆ ಕಾಳು ಒಡೀತದೆ ಕಣ್ಲಾ" ಅನ್ನುತ್ತಿದ್ದರು.

ಅವರದು ಇನ್ನೊಂದು ಪದ್ಧತಿ ಇತ್ತು. ನಾಲ್ಕೈದು ಮನೆಯವರು ಸೇರಿ ಒಂದೇ ಕಣ ಮಾಡಿ, ಎಲ್ಲರ ಎತ್ತನ್ನೂ ಕಟ್ಟುತ್ತಿದ್ದೆವು. ಎತ್ತು ತುಳಿಯುತ್ತ ತುಳಿಯುತ್ತ ಬಾಯಿ ಹಾಕಿ ತಿನ್ನುತ್ತದೆ, ಹಾಗಾಗಿ ಮೂತಿಗೆ ಹಗ್ಗದ ಕುಕ್ಕೆ ಹಾಕಬೇಕು. ಯಾರ ಎತ್ತಿಗೆ ಮೊದಲು ಹಾಕುವುದು ಅಂತ ಮುಸುಮುಸು ಜಗಳ. ಯಜಮಾನರು ಮಾತಾಡುತ್ತಲೇ ಇರಲಿಲ್ಲ. ನೇರ ಹೋಗಿ ನಮ್ಮ ಎತ್ತಿಗೆ ಕುಕ್ಕೆ ಕಟ್ಟಿ, ಉಳಿದವರ ಮುಖ ನೋಡುತ್ತಿದ್ದರು. ಉಳಿದವರು ಗೊಣಗುತ್ತ ತಮ್ಮ ತಮ್ಮ ಎತ್ತಿನ ಹತ್ತಿರ ಹೋಗುತ್ತಿದ್ದರು. ಅಷ್ಟೇ ನ್ಯಾಯ, ಅಷ್ಟೇ ಪಂಚಾಯಿತಿ.

ಆಮೇಲೆ ಟಾರು ಬಂತು. ಮೊದಮೊದಲು ಅದರ ಮೇಲೆ ಓಡಾಡುತ್ತಿದ್ದುದು ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಒಂದೆರಡು ಬಸ್ಸು ಮಾತ್ರ. ಅದರಲ್ಲೊಬ್ಬ ಡ್ರೈವರಣ್ಣ, ದಪ್ಪ ಮೀಸೆ, ಹೆಸರು ಕೊನೆಗೂ ಕೇಳಲಿಲ್ಲ. ಊರಿನ ಯಾರೋ ಪುಣ್ಯಾತ್ಮರು ರಸ್ತೆಯ ಅಂಚಿಗೆ ಒಂದು ಹೊರೆ ಹುರುಳಿ ಹರಡಿದ್ದರು. ಅವನು ಬಸ್ಸು ನಿಲ್ಲಿಸಿ ಕತ್ತು ಹೊರಗೆ ಹಾಕಿದ.

"ಏನ್ರವ್ವಾ, ನನ್ನ ಬಸ್ಸು ನಿಮ್ಮ ಮನೆ ಎತ್ತಾ?"

"ಎತ್ತಾದ್ರೆ ಏನಣ್ಣ, ಎತ್ತಿಗೆ ಹುಲ್ಲು ಹಾಕ್ತೀವಿ, ನಿನಗೆ ಮಜ್ಜಿಗೆ ಕೊಡ್ತೀವಿ" ಅಂದೆ ನಾನು. ಆಗ ನನ್ನ ಬಾಯಿ ಈಗಿನದಕ್ಕಿಂತ ಚುರುಕು.

ಅವನು ನಗುತ್ತ ಬಸ್ಸನ್ನು ಹುರುಳಿಯ ಮೇಲೆ ಮೆಲ್ಲಗೆ, ಮಗುವಿನ ತೊಟ್ಟಿಲು ತೂಗಿದಷ್ಟು ಮೆಲ್ಲಗೆ, ಬಿಟ್ಟುಕೊಂಡು ಹೋದ. ಕಿಟಕಿಯಿಂದ ಜನ ಬಗ್ಗಿ ನೋಡಿದರು. ಅವನಿಗೆ ಮಜ್ಜಿಗೆ ಕೊಟ್ಟ ಲೋಟ ಇನ್ನೂ ಇದೆ, ಅಂಚು ನಗ್ಗಿದೆ. ನಮ್ಮ ರಸ್ತೆ ಒಕ್ಕಣೆ ಶುರುವಾದದ್ದು ಹೀಗೆ, ನಗುವಿನಿಂದ. ಕಣ ಮಾಡುವ ಶ್ರಮ ತಪ್ಪಿತೆಂದು ಹೆಂಗಸರಿಗೆ ಖುಷಿ, ಎತ್ತು ಸಾಕುವ ಕಷ್ಟ ತಪ್ಪಿತೆಂದು ಗಂಡಸರಿಗೆ ಖುಷಿ. ಗುಂಡುಕಲ್ಲು ಕೊಟ್ಟಿಗೆಯ ಹಿಂದೆ ಬಿದ್ದು ಅದರ ಮೇಲೆ ಕೋಳಿ ಕೂರುವಂತಾಯಿತು.

ರಸ್ತೆ ಅಗಲವಾಯಿತು. ಬೆಂಗಳೂರಿನ ಕಡೆಯಿಂದ ಹಳೇಬೀಡು ಬೇಲೂರು ನೋಡಲು ಬರುವ ಕಾರುಗಳು ಹೆಚ್ಚಾದವು. ಅವುಗಳ ಓಟ ಏನು ಹೇಳಲಿ, ಬಂತು ಅನ್ನುವುದರೊಳಗೆ ಹೋಗಿರುತ್ತಿತ್ತು. ಜಗಲಿಯಲ್ಲಿ ಕೂತ ಯಜಮಾನರು, "ಆ ಗುಡೀ ಕಲ್ಲು ಅಷ್ಟು ಕಾಲದಿಂದ ನಿಂತಲ್ಲೇ ನಿಂತವೆ, ಎಲ್ಲಿಗೂ ಓಡೋಗಲ್ಲ. ಇವ್ರಿಗೇನು ಅವಸರ?" ಅನ್ನುತ್ತಿದ್ದರು. ನಮಗಂತೂ ಗಾಡಿ ಜೋರಾಗಿ ಬಂದಷ್ಟೂ ಒಕ್ಕಣೆ ಬೇಗ ಎಂಬ ಲೆಕ್ಕ. ಗಾಡಿಗಳು ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗದಿರಲಿ ಎಂದು ಅಂಚಿನಲ್ಲಿ ಕಲ್ಲು, ಮುಳ್ಳುಕಂಟಿ ಇಡುತ್ತಿದ್ದೆವು. ಓಡಿ ಬಂದ ಚಕ್ರಕ್ಕೆ ಸಿಕ್ಕಿ ಕಾಳು ಬೇಳೆಯಾಗುತ್ತಿತ್ತು; ನೆನೆಹಾಕಿದರೆ ಅರ್ಧಕ್ಕರ್ಧ ಮೊಳಕೆ ಒಡೆಯುತ್ತಿರಲಿಲ್ಲ. ಆದರೂ ಬಿಡಲಿಲ್ಲ. ಅಷ್ಟರಲ್ಲಿ ಯಜಮಾನರು ಹೋದರು, ಹೇಳುವವರೂ ಇರಲಿಲ್ಲ.

ಪೊಲೀಸರು ಬರುತ್ತಿದ್ದರು, ಬರಲಿಲ್ಲ ಅಂದರೆ ಸುಳ್ಳಾದೀತು. ಜೀಪು ಕಂಡರೆ ಗೌರಕ್ಕ, ನನ್ನ ಪಕ್ಕದ ಮನೆಯವಳು, ಎಳನೀರು ಕೆತ್ತಿಸಿ ಎದುರಿಗೆ ಹೋಗುತ್ತಿದ್ದಳು. "ತೆಗೀತೀವಿ ಸ್ವಾಮಿ, ಸಂಜೆಗೆ ತೆಗೀತೀವಿ." ನಾವೆಲ್ಲ ಎರಡು ಹಿಡಿ ಬಾಚಿದ ಹಾಗೆ ಮಾಡುತ್ತಿದ್ದೆವು. ಜೀಪು ತಿರುವು ದಾಟಿದ ಕೂಡಲೇ ಹುರುಳಿ ಮತ್ತೆ ರಸ್ತೆಗೆ. ಹಾಗೇ ಬೈಕಿನ ಹುಡುಗರೂ. ಜೀಪು ಕಂಡಾಗ ತೊಡೆಯ ಮೇಲಿನ ಹೆಲ್ಮೆಟ್ಟು ತಲೆಗೆ, ಜೀಪು ಹೋದ ಮೇಲೆ ಮತ್ತೆ ತೊಡೆಗೆ. ಅವರನ್ನು ನೋಡಿ ನಾವು ಬೈಯುತ್ತಿದ್ದೆವು, ನಮ್ಮನ್ನು ನೋಡಿ ಅವರು.

ಇಂಥ ಊರಿಗೆ ನನ್ನ ಮೊಮ್ಮಗಳು ಪೊಲೀಸಾಗಿ ಬಂದಳು. ಕೆಲಸ ಸಿಕ್ಕ ಸುದ್ದಿ ಬಂದ ದಿನ ನಾನು ಬೀದಿಗೆಲ್ಲ ಸಕ್ಕರೆ ಹಂಚಿದೆ. ಹತ್ತಿರದ ಠಾಣೆಗೇ ಹಾಕಿದರೆಂದು ಗೊತ್ತಾದಾಗ ಹಂಚಲು ಸಕ್ಕರೆ ಇರಲಿಲ್ಲ, ಬೆಲ್ಲ ಹಂಚಿದೆ. ಗೌರಕ್ಕ ಬೆಲ್ಲ ಬಾಯಿಗೆ ಹಾಕಿಕೊಂಡು, "ಇನ್ನೇನ್ ಬಿಡಕ್ಕ, ನಮ್ಮುಡುಗೀನೆ ಪೊಲೀಸು. ಈ ಸಲ ಇಡೀ ರಸ್ತೆ ನಮ್ದೇ" ಅಂದಳು. ಹೋದ ವರ್ಷ ಸುಗ್ಗಿಯಲ್ಲಿ ಅಂದ ಹಾಗೇ ಮಾಡಿದರು. ತಿರುವಿನವರೆಗೂ ಹುರುಳಿ.

ಪವಿತ್ರ ಭಾನುವಾರ ಬಂದವಳು ನೋಡಿದಳು. ಸಾರು ಉಣ್ಣುತ್ತ ಮೆಲ್ಲಗೆ ಹೇಳಿದಳು.

"ಅಜ್ಜಿ, ಈ ವಾರ ಈ ರಸ್ತೆಗೆ ನಾವೇ ಬತ್ತೀವಿ. ಸಾಹೇಬ್ರು ಎಲ್ಲರ ಮುಂದೆ ಅಂದವ್ರೆ, ನಿಮ್ಮೂರು, ನೀನೇ ತೆಗೆಸು ಅಂತ. ನಮ್ಮೂರಲ್ಲೇ ನನ್ನ ಮಾತು ನಡೀಲಿಲ್ಲ ಅಂದ್ರೆ ಇನ್ಯಾವ ಊರಲ್ಲಿ ನಡೀತದೆ ಹೇಳಿ?"

"ಬಾ ನೀನು, ಬಂದಾಗ ತೆಗೆದ್ರಾಯ್ತು" ಅಂದೆ ನಾನು, ಇನ್ನೊಂದು ಸೌಟು ಬಡಿಸುತ್ತ. ಅವಳು ಒಂದು ಟಾರಿನ ಚೂರನ್ನು ತಟ್ಟೆಯ ಅಂಚಿಗಿಟ್ಟಳು. ಆ ಸಲ ನಗಲಿಲ್ಲ.

ಎರಡು ದಿನಕ್ಕೆ ಜೀಪು ಬಂತು. ಸಾಹೇಬರು ಒಳಗೇ ಕೂತರು. ಖಾಕಿ ಹಾಕಿಕೊಂಡು ಇಳಿದ ನನ್ನ ಮೊಮ್ಮಗಳನ್ನು ನೋಡಿ ನನಗೆ ಕಣ್ಣು ತುಂಬಿತು, ಇದ್ದ ಕೆಲಸ ಮರೆತು ನೋಡುತ್ತ ನಿಂತೆ. ಅವಳು ಬಾಯಿ ತೆಗೆಯುವ ಮೊದಲೇ ತಿರುವಿನಿಂದ ಒಂದು ಬೈಕು ಬಂತು. ಗಂಡ, ಹೆಂಡತಿ, ಹೆಂಡತಿಯ ತೋಳಲ್ಲಿ ಮಗು. ಬರುವ ರಭಸ ನೋಡಿ ಪವಿತ್ರ ಕೈ ಅಡ್ಡ ಹಿಡಿದಳು. ಅವನು ಬ್ರೇಕು ಹಾಕಿದ. ನನ್ನ ಹುರುಳಿಯ ಮೇಲೆ ಚಕ್ರ ಜಾರಿತು, ಬೈಕು ಮಲಗಿಕೊಂಡು ಹೋಯಿತು. ಆ ತಾಯಿ ಮಗುವನ್ನು ಎದೆಗೊತ್ತಿಕೊಂಡು ಹೊಟ್ಟಿನ ಗುಡ್ಡೆಯ ಮೇಲೆ ಬಿದ್ದಳು.

ನಾನು ಓಡಿ ಹತ್ತಿರ ಹೋಗುವಷ್ಟರಲ್ಲಿ ಮಗು ಅತ್ತಿತು. ಅಳುವುದು ಕೇಳಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಗಂಡನ ಮೊಣಕೈ ತರಚಿತ್ತು, ಅಷ್ಟೇ. ಮಗುವನ್ನು ನಾನೇ ಎತ್ತಿಕೊಂಡೆ. ಅದರ ಕೂದಲ ತುಂಬ ಹುರುಳಿ ಹೊಟ್ಟು.

"ಕಣ್ಣು ನೆತ್ತೀ ಮೇಲೈತೇನಪ್ಪ, ಹಂಗೆ ಬರೋದಾ?" ಗೌರಕ್ಕ ಅವನ ಮೇಲೆ ಹೋದಳು.

"ರಸ್ತೆ ನಿಮ್ಮಪ್ಪಂದಾ? ಇಲ್ಲಿ ಹಾಸಿಗೆ ಹಾಸಿದೀರಲ್ಲ" ಅವನೂ ಬಿಡಲಿಲ್ಲ.

ಪವಿತ್ರ ಇಬ್ಬರ ನಡುವೆ ಬಂದು ನಿಂತಳು. ಅವನಿಗೆ, "ತಲೆಗೆ ಹೆಲ್ಮೆಟ್ ಇಲ್ಲ, ತಿರುವಲ್ಲಿ ಈ ಸ್ಪೀಡು. ದಂಡ ನಿಮಗೆ ಐತೆ, ಆ ಕಡೆ ನಿಂತ್ಕೊಳ್ಳಿ" ಅಂದಳು. ಆಮೇಲೆ ನಮ್ಮ ಕಡೆ ತಿರುಗಿದಳು. ಊರಿನವರೆಲ್ಲ ಅವರವರ ಗುಡ್ಡೆಯ ಹತ್ತಿರ ನಿಂತಿದ್ದರು. ಗೌರಕ್ಕನದು ಜೀಪಿಗೆ ಹತ್ತಿರ. ಅವಳು ಆಗಲೇ ಎಳನೀರು ಹಿಡಿದಿದ್ದಳು. ಪವಿತ್ರ ಅವಳನ್ನು ದಾಟಿ, ಇನ್ನೊಂದು ಗುಡ್ಡೆ ದಾಟಿ, ನೇರ ನನ್ನ ಹತ್ತಿರ ಬಂದಳು.

"ಅಜ್ಜಿ, ಮೊದ್ಲು ನಿಮ್ದು ತೆಗೀರಿ."

ಅವಳು ನಮ್ಮ ಕಣ ಕಂಡವಳಲ್ಲ. ಕುಕ್ಕೆಯ ಮಾತು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ನೋಡಿ, ಅವಳ ತಾತನ ಅದೇ ನಡಿಗೆ, ಅದೇ ನಮ್ಮ ಮನೆಯ ಎತ್ತಿನ ಹತ್ತಿರ ಮೊದಲು ಹೋಗುವುದು. ಜೀಪಿನಿಂದ ಸಾಹೇಬರು ನೋಡುತ್ತಿದ್ದರು, ಊರು ನನ್ನನ್ನು ನೋಡುತ್ತಿತ್ತು. ನಾನು ಸುಮ್ಮನೆ ನಿಂತಿದ್ದರೆ ಅವಳ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು.

"ತೆಗೀತೀನಿ ಮೇಡಂ" ಅಂದೆ.

ಮಗುವನ್ನು ಅದರ ತಾಯಿಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಚತೊಡಗಿದೆ. ಮುಳ್ಳುಕಂಟಿಯನ್ನೂ ಎಳೆದು ಬದಿಗೆ ಹಾಕಿದೆ. "ಮೊಮ್ಮಗಳಂತೆ ಮೊಮ್ಮಗಳು, ಅಜ್ಜಿಗೇ ಕಾನೂನು ಹೇಳ್ತಾಳೆ" ಅಂದಳು ಗೌರಕ್ಕ.

"ಹೂಂ ಕಣೇ ಗೌರಿ, ಅದಕ್ಕೇ ಮೊಮ್ಮಗಳು. ಎಳನೀರು ಆ ಮಗುವಿನ ತಾಯಿಗೆ ಕೊಟ್ಟು ನಿಂದು ಬಾಚು ಬಾ."

ಗೌರಕ್ಕ ಎಳನೀರು ಆ ತಾಯಿಯ ಕೈಗಿಟ್ಟು, ಗೊಣಗುತ್ತ ಬಗ್ಗಿದಳು. ಅವಳು ಬಗ್ಗಿದ ಮೇಲೆ ಉಳಿದವರೂ ಬಗ್ಗಿದರು. ಆ ದಿನ ಜೀಪು ತಿರುವು ದಾಟಿದ ಮೇಲೂ ರಸ್ತೆ ಕಪ್ಪಗೆ, ಬರಿದಾಗಿ ಇತ್ತು. ಹೊಟ್ಟು ಗಾಳಿಗೆ ಅಷ್ಟಷ್ಟೇ ಸರಿಯುತ್ತಿತ್ತು. ಬಾಚಿ ತಂದ ಕಾಳು ಆ ಹಳೆಯ ಚೀಲಕ್ಕೆ ಸೇರಿತು.

ಈ ವರ್ಷ ತೆಂಗಿನ ಸಾಲಿನ ಆಚೆ ಕಣ ಮಾಡಿದೆವು, ನಾಲ್ಕೈದು ಮನೆ ಸೇರಿ. ಎತ್ತು ಈಗ ಯಾರ ಮನೆಯಲ್ಲೂ ಇಲ್ಲ, ಟ್ರ್ಯಾಕ್ಟರು ಸುತ್ತಿತು. ಸಗಣಿ ಬಳಿದವರು ನಾನು, ಗೌರಕ್ಕ. ಬಾಯಿ ಇನ್ನೂ ಹಾಗೇ ಇದೆ. ಟ್ರ್ಯಾಕ್ಟರಿನವನು ಜೋರು ಮಾಡಿದಾಗ, "ಓಡ್ಸಿದ್ರೆ ಕಾಳು ಒಡೀತದೆ ಕಣ್ಲಾ" ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಗೌರಕ್ಕ ನನ್ನ ಮುಖವನ್ನೇ ನೋಡಿದಳು. ಮೊನ್ನೆ ಒಂದು ಹಿಡಿ ಕಾಳು ನೆನೆಹಾಕಿದ್ದೆ, ಒಂದೂ ಬಿಡದೆ ಮೊಳಕೆ ಬಂತು.

ಅಗೋ, ತಿರುವಿನಲ್ಲಿ ಸ್ಕೂಟರು ನಿಧಾನವಾಯಿತು, ಅವಳೇ.

ಬಂದಳು, ಕೈಕಾಲು ತೊಳೆದು ಕೂತಳು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ ಮೇಲೆ ಹುರುಳಿಯನ್ನು ಗಬಗಬ ಅಗಿಯತೊಡಗಿದಳು.

"ನಿಧಾನ ಕಣವ್ವ" ಅಂದೆ.

"ಊಟಕ್ಕೆ ಸ್ಪೀಡ್ ಲಿಮಿಟ್ ಇಲ್ಲ ಅಜ್ಜಿ" ಅಂದವಳು, ತಟ್ಟೆಯನ್ನು ಒಮ್ಮೆ ನೋಡಿ, "ಈ ಸಲ ರಸ್ತೆ ಸಿಗಲೇ ಇಲ್ಲ" ಅಂದಳು.

ನಾನು ಸೆರಗಿನ ಗಂಟು ಬಿಚ್ಚಿ ಆ ಚೂರನ್ನು ಅವಳ ಅಂಗೈಗೆ ಹಾಕಿದೆ. ಹಳೆಯ ಚೀಲದಲ್ಲಿ ಉಳಿದಿದ್ದ ಕೊನೆಯದು ಎಂದೆ. ಅವಳು ಮೂಸಿ ನೋಡಿ ನಕ್ಕಳು. ಹೊರಟಾಗ ರಸ್ತೆಯ ಅಂಚಿಗೆ ಹೋಗಿ, ಬಗ್ಗಿ, ಅದನ್ನು ಟಾರಿನ ಒಂದು ಸಣ್ಣ ಕುಳಿಯಲ್ಲಿ ಕೂರಿಸಿ ಹೆಬ್ಬೆರಳಲ್ಲಿ ಒತ್ತಿದಳು. ಹೆಲ್ಮೆಟ್ಟು ಹಾಕಿಕೊಂಡು ಎರಡೂ ಕಡೆ ನೋಡಿ ಹೊರಟಳು.

ಅವಳ ಗಾಡಿಯ ಸದ್ದು ತಿರುವು ದಾಟುವವರೆಗೂ ನಿಂತಿದ್ದು ಒಳಗೆ ಬಂದು ನನ್ನ ತಟ್ಟೆ ಹಾಕಿಕೊಂಡೆ. ಇಷ್ಟು ವರ್ಷ ಹುರುಳಿಯ ಸಾರನ್ನು ನಾನು ಹೆದರಿ ಹೆದರಿ, ಒಂದು ಕಡೆಯಿಂದ ಅಗಿದವಳು. ಇವತ್ತು ಇರುವ ಹಲ್ಲನ್ನೆಲ್ಲ ಸೇರಿಸಿ, ಬಾಯಿ ತುಂಬ ಅಗಿದೆ.