ಹೊನ್ನವ್ವನ ರಿಮಾಂಡು

ತಾಂಬಾದ ಹೊನ್ನವ್ವನಿಗೆ ಎರಡೆಕರೆ ಲಿಂಬೆ ತೋಟ. ಅಲ್ಲಿಗೆ ಹೋಗುವ ಬಂಡಿದಾರಿಗೆ ಪಕ್ಕದ ಹೊಲದ ಧೂಳಪ್ಪ ಒಂದು ದಿನ ಮುಳ್ಳುತಂತಿ ಬಿಗಿದ. ಹೊನ್ನವ್ವ ಕೋರ್ಟಿಗೆ ಹೋದಳು, ಸೋತಳು. ಅವಳ ಆಗಿನ ವಕೀಲ ಊರ ನಕಾಶೆಯನ್ನೇ ಹಾಜರುಪಡಿಸಿರಲಿಲ್ಲ. ಅವಳು ಸುಮ್ಮನೆ ಕೂರಲಿಲ್ಲ. ತಾಲೂಕು ಊರಾದ ಇಂಡಿಯ ವಕೀಲೆ ವಿದ್ಯಾವತಿಯವರನ್ನು ಹಿಡಿದು ಅಪೀಲು ಹಾಕಿಸಿದಳು. ಮೂರು ವರ್ಷ ಲಿಂಬೆಕಾಯಿ ಬುಟ್ಟಿ ಹೊತ್ತು ಹಳ್ಳ ಸುತ್ತಿ ಬಂದಳೇ ಹೊರತು ಧೂಳಪ್ಪನ ಮುಂದೆ ಕೈಯೊಡ್ಡಲಿಲ್ಲ.

ಅಪೀಲಿನ ತೀರ್ಪು ಬಂದ ದಿನ, ತನ್ನ ವಕೀಲ ಹೇಳಿದ್ದನ್ನು ಫೋನಿನಲ್ಲಿ ಅರ್ಧಂಬರ್ಧ ಕೇಳಿಸಿಕೊಂಡಿದ್ದ ಧೂಳಪ್ಪ ಹಿಟ್ಟಿನ ಗಿರಣಿಯ ಮುಂದೆ ಕೂಗಿದ: "ಹೊನ್ನವ್ವಗ ರಿಮಾಂಡ್ ಆಗೇತಿ! ಇನ್ನ ಜೇಲಿನ ರೊಟ್ಟಿ ತಿನ್ನಾಕ ಹೋಗ್ತಾಳ."

ಹಿಟ್ಟಿಗೆ ಬಂದಿದ್ದ ಹೊನ್ನವ್ವ ಅದನ್ನು ನಂಬಿಬಿಟ್ಟಳು. ಕಳ್ಳತನದಲ್ಲಿ ಸಿಕ್ಕವರನ್ನು ರಿಮಾಂಡಿಗೆ ಕಳಿಸಿದ್ದನ್ನಷ್ಟೇ ಅವಳು ಕೇಳಿದ್ದಳು. ಆದರೂ ದನಿ ತಗ್ಗಿಸಲಿಲ್ಲ.

"ಹೋಗ್ತೇನಿ. ಜೇಲಿನಾಗ ಕುಂತರೂ ಆ ದಾರಿ ನಂದಂತನ ಹೇಳ್ತೇನಿ, ತಿಳೀತ?"

ಮರುದಿನ ಎರಡು ಸೀರೆ, ಬಿಪಿ ಗುಳಿಗೆ ಚೀಲಕ್ಕೆ ತುಂಬಿಕೊಂಡು ಇಂಡಿಯ ಬಸ್ಸು ಹತ್ತಿದಳು. ಚೀಲ ಕಂಡು ವಿದ್ಯಾವತಿ, "ಯಾವೂರಿಗೆ ಹೊಂಟೀರಿ?" ಎಂದರು.

"ಜೇಲಿಗೆ ರೀ, ಅಕ್ಕಾರ. ರಿಮಾಂಡ್ ಆಗೇತಂತಲ್ಲ."

ವಿದ್ಯಾವತಿ ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದರು. "ಆರೋಪಿನ್ನ ರಿಮಾಂಡ್ ಮಾಡಿದ್ರ ಕಸ್ಟಡಿಗೆ ಕಳಿಸಿದಂಗ. ಅಪೀಲಿನಾಗ ಹಂಗಲ್ಲ. ಮನಶ್ಯಾರನ್ನಲ್ಲ, ಕೇಸನ್ನ ಕಳಸ್ತಾರ. ಮ್ಯಾಲಿನ ಕೋರ್ಟು ಹಳೇ ತೀರ್ಪು ರದ್ದು ಮಾಡೇತಿ. ನಕಾಶೆ ನೋಡಿ, ಜಾಗಾ ಮೋಜಣಿ ಮಾಡ್ಸಿ, ಹೊಸದಾಗಿ ತೀರ್ಪು ಕೊಡ್ರಿ ಅಂತ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸೇತಿ."

"ಅಂದ್ರ ನಾ ಗೆದ್ದೆ?"

"ಗೆದ್ದಿಲ್ಲ. ಸೋತದ್ದು ಅಳಿಸಿ ಹೋಗೇತಿ, ಅಷ್ಟ."

"ಅಷ್ಟ ಸಾಕ್ರಿ. ಮೊದಲಿಂದ ಹೇಳಾಕ ನನಗೇನ ಬ್ಯಾಸರಿಲ್ಲ."

ಮತ್ತೆ ವಿಚಾರಣೆ ನಡೆಯಿತು. ಸಾಕ್ಷಿಕಟ್ಟೆಯಲ್ಲಿ ನಿಂತ ಅವಳನ್ನು ಎದುರು ವಕೀಲ ಕೇಳಿದ: "ಒಮ್ಮೆ ಸೋತೀರಿ. ಮತ್ಯಾಕ ಬಂದೀರಿ?"

"ನಾ ಬಂದಿಲ್ರಿ, ಮ್ಯಾಲಿನ ಕೋರ್ಟು ಕಳಿಸೇತಿ. ಅದಕ್ಕ ರಿಮಾಂಡ್ ಅಂತಾರ," ಎಂದಳು ಹೊನ್ನವ್ವ. ನ್ಯಾಯಾಧೀಶರು ತಲೆ ಎತ್ತಿ ಅವಳನ್ನೊಮ್ಮೆ ನೋಡಿದರು.

ಮೋಜಣಿಯವರು ಬಂದು ಅಳೆದರು. ನಕಾಶೆಯ ದಾರಿ ಧೂಳಪ್ಪನ ತಂತಿಯ ನಡುವೆಯೇ ಹಾದುಹೋಗಿತ್ತು. ದಾರಿ ಬಿಡಬೇಕೆಂದು ತೀರ್ಪಾಯಿತು. ತಂತಿ ಕೀಳುವಾಗ ಧೂಳಪ್ಪ ಗುರುಗುಟ್ಟಿದ: "ನಾನೂ ಅಪೀಲ್ ಹೋಗ್ತೇನಿ."

"ಹೋಗಪಾ, ಬ್ಯಾಡಂದವರ್ಯಾರು? ತಡೆಯಾಜ್ಞೆ ತಂದ ಮ್ಯಾಲೆ ಮಾತಾಡು. ಈಗ ಬಾಜೂ ಸರಿ, ಟ್ರ್ಯಾಕ್ಟರ್ ಬರಾಕತ್ತೇತಿ."